ಲಕ್ವದ ಚಿಕಿತ್ಸೆಯಲ್ಲಿ ಜನಾಂಗಗಳ ನಡುವಿನ ಅಂತರ: ಅಮೆರಿಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 7,95,000 ಮಂದಿಗೆ ಲಕ್ವ ಹೊಡೆಯುತ್ತದೆ. ಯಾರಿಗೆ ಹೊಡೆಯುತ್ತದೆ, ಹೊಡೆದ ಮೇಲೆ ಯಾರು ಎದ್ದು ನಡೆಯುತ್ತಾರೆ, ಯಾರು ಹಾಸಿಗೆ ಹಿಡಿಯುತ್ತಾರೆ ಎಂಬುದರಲ್ಲಿ ಅಲ್ಲಿ ಇಂದಿಗೂ ಮೈಬಣ್ಣದ ಲೆಕ್ಕ ಕಾಣುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರು, ಅಪ್ಪ ಅಮ್ಮನನ್ನು ಅಲ್ಲಿಗೆ ಕರೆಸಿಕೊಂಡವರು, ಇಲ್ಲಿನ ವೈದ್ಯಕೀಯ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಒಂದೆಡೆ ಸೇರಿಸಿದ್ದೇನೆ. ಎಲ್ಲಕ್ಕೂ ಒಂದೇ ಅಳತೆಯ ಉತ್ತರ ಇಲ್ಲ.

ಲಕ್ವ, ಪಾರ್ಶ್ವವಾಯು, ಸ್ಟ್ರೋಕ್ ಎಲ್ಲ ಒಂದೆಯೇ?

ಹೆಚ್ಚುಕಡಿಮೆ ಒಂದೇ. ಮಿದುಳಿಗೆ ಹೋಗುವ ರಕ್ತ ನಿಂತಾಗ ಅಥವಾ ಮಿದುಳಿನಲ್ಲಿ ರಕ್ತನಾಳ ಒಡೆದಾಗ ಆಗುವುದು ಸ್ಟ್ರೋಕ್. ಅಮೆರಿಕದಲ್ಲಿ 100ಕ್ಕೆ 87ರಷ್ಟು ಸ್ಟ್ರೋಕ್‌ಗಳು ನಾಳ ಕಟ್ಟಿಕೊಂಡು ಆಗುವಂಥವು, ಉಳಿದವು ರಕ್ತಸ್ರಾವದವು. ನಮ್ಮ ಊರುಗಳಲ್ಲಿ ಬರೀ ಮುಖ ಸೊಟ್ಟಗಾಗುವ ಬೆಲ್ಸ್ ಪಾಲ್ಸಿಗೂ ಲಕ್ವ ಎಂದೇ ಹೇಳುತ್ತಾರೆ. ಅದು ಮುಖದ ನರದ ತೊಂದರೆ, ಸ್ಟ್ರೋಕ್ ಅಲ್ಲ. ಆದರೆ ಯಾವುದು ಯಾವುದೆಂದು ಮನೆಯಲ್ಲಿ ಕೂತು ತೀರ್ಮಾನಿಸಲು ಹೋಗಬೇಡಿ.

ಅಂತರ ಎಷ್ಟು ದೊಡ್ಡದು?

ಮೊದಲ ಸಲ ಲಕ್ವ ಹೊಡೆಯುವ ಸಾಧ್ಯತೆ ಬಿಳಿಯರಿಗಿಂತ ಕಪ್ಪು ಅಮೆರಿಕನ್ನರಲ್ಲಿ ಸುಮಾರು ಎರಡು ಪಟ್ಟು. ಲಕ್ವದಿಂದ ಸಾಯುವವರ ಪ್ರಮಾಣವೂ ಅವರಲ್ಲೇ ಅತಿ ಹೆಚ್ಚು. ನ್ಯೂಯಾರ್ಕಿನ ಉತ್ತರ ಮ್ಯಾನ್‌ಹಟನ್‌ನಲ್ಲಿ ಡಾ. ರಾಲ್ಫ್ ಸಾಕೋ ಮತ್ತು ಅವರ ತಂಡ ನಡೆಸಿದ ಅಧ್ಯಯನ 1998ರಲ್ಲೇ ಇದನ್ನು ಎಣಿಸಿ ತೋರಿಸಿತು: ಒಂದೇ ಬಡಾವಣೆಯಲ್ಲಿ ಬಿಳಿಯರಿಗೆ ಹೋಲಿಸಿದರೆ ಕಪ್ಪುಜನರಲ್ಲಿ 2.4 ಪಟ್ಟು, ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದ) ಜನರಲ್ಲಿ ಎರಡು ಪಟ್ಟು ಲಕ್ವ.

ಈ ಸರಾಸರಿಗಳಿಗಿಂತ ನನ್ನನ್ನು ಕಲಕಿದ್ದು ವಯಸ್ಸಿನ ಲೆಕ್ಕ. ಅಲಬಾಮಾ ವಿಶ್ವವಿದ್ಯಾಲಯದ ಬರ್ಮಿಂಗ್‌ಹ್ಯಾಮ್ ಕೇಂದ್ರದಿಂದ ನಡೆಯುವ 'ರಿಗಾರ್ಡ್ಸ್' ಎಂಬ ಅಧ್ಯಯನ 2003ರಿಂದ 2007ರವರೆಗೆ 45 ವರ್ಷ ದಾಟಿದ 30,239 ಮಂದಿಯನ್ನು ಸೇರಿಸಿಕೊಂಡು ವರ್ಷಗಟ್ಟಲೆ ಹಿಂಬಾಲಿಸಿತು. 45ರಿಂದ 54ರ ವಯಸ್ಸಿನಲ್ಲಿ ಕಪ್ಪುಜನರಲ್ಲಿ ಲಕ್ವ ಬಿಳಿಯರಿಗಿಂತ ಸುಮಾರು ನಾಲ್ಕು ಪಟ್ಟು. ವಯಸ್ಸು ಏರಿದಂತೆ ಈ ಅಂತರ ಕರಗುತ್ತಾ ಬಂದು 85 ದಾಟುವ ಹೊತ್ತಿಗೆ ಇಲ್ಲವಾಗುತ್ತದೆ. ಎಂದರೆ ಏಟು ಬೀಳುವುದು ಮನೆ ನಡೆಸುವವರ ಮೇಲೆ. 50ರ ಆಸುಪಾಸು, ಮಕ್ಕಳು ಕಾಲೇಜಿನಲ್ಲಿ, ಮನೆಯ ಸಾಲ ಅರ್ಧ ತೀರಿದೆ, ಬಲಗೈ ಎತ್ತಲಾಗದು.

ಇದು ಅವರ ರಕ್ತದಲ್ಲೇ ಇರುವ ದೋಷವೇ?

ಅಲ್ಲ. ಕುಡಗೋಲು ಕಣ ರೋಗದಂಥ ಒಂದೆರಡು ಕಾಯಿಲೆ ಬಿಟ್ಟರೆ (ಸಿಕಲ್ ಸೆಲ್ ಎನ್ನುವ, ಕೆಂಪು ರಕ್ತಕಣ ಕುಡಗೋಲಿನಂತೆ ಬಾಗುವ ವಂಶಪಾರಂಪರ್ಯ ರೋಗ; ಅದರ ಮಾತು ಕೆಳಗಿದೆ) ಈ ಅಂತರವನ್ನು ವಂಶವಾಹಿಯ ಮೇಲೆ ಹೊರಿಸಲು ಆಧಾರವಿಲ್ಲ. ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನದಂಥ ಗೊತ್ತಿರುವ ಕಾರಣಗಳ ಜೊತೆಗೆ ಆದಾಯ, ಶಿಕ್ಷಣ ಸೇರಿಸಿದರೆ ಅಂತರದ ಹೆಚ್ಚುಕಡಿಮೆ ಅರ್ಧ ಲೆಕ್ಕಕ್ಕೆ ಸಿಗುತ್ತದೆ ಎಂದು ರಿಗಾರ್ಡ್ಸ್ ತಂಡ ಕಂಡುಕೊಂಡಿತು.

ಇವುಗಳಲ್ಲಿ ಬಿಪಿಯದ್ದೇ ದೊಡ್ಡ ಪಾಲು. 2013ರಲ್ಲಿ ಇದೇ ತಂಡ ಪ್ರಕಟಿಸಿದ ಒಂದು ಲೆಕ್ಕ ಹೀಗಿದೆ: ಬಿಪಿಯ ಮೇಲಿನ ಅಂಕಿ 10 ಏರಿದರೆ ಬಿಳಿಯರಲ್ಲಿ ಲಕ್ವದ ಅಪಾಯ ಶೇ. 8ರಷ್ಟು ಹೆಚ್ಚುತ್ತದೆ, ಕಪ್ಪುಜನರಲ್ಲಿ ಶೇ. 24ರಷ್ಟು. ಅದೇ 10 ಅಂಕಿ, ಮೂರು ಪಟ್ಟು ಪೆಟ್ಟು. ಎಳೆಯ ವಯಸ್ಸಿಗೇ ಶುರುವಾದ ಬಿಪಿ, ವರ್ಷಗಟ್ಟಲೆ ಹತೋಟಿಗೆ ಬಾರದೆ ನಾಳಗಳನ್ನು ಸವೆಸಿರುವುದು ಇದಕ್ಕೆ ಒಂದು ವಿವರಣೆ.

'ಅವರು ಮಾತ್ರೆ ನುಂಗುವುದಿಲ್ಲ, ಅದಕ್ಕೇ' ಎಂಬ ಮಾತು ಬಹಳ ಕೇಳಿಬರುತ್ತದೆ. ಅಂಕಿಗಳು ಬೇರೆಯದನ್ನೇ ಹೇಳುತ್ತವೆ. ತಮಗೆ ಬಿಪಿ ಇದೆಯೆಂದು ತಿಳಿದವರು, ಅದಕ್ಕೆ ಔಷಧಿ ತೆಗೆದುಕೊಳ್ಳುವವರು ಕಪ್ಪುಜನರಲ್ಲೇ ಹೆಚ್ಚು. ಆದರೂ ಬಿಪಿ ಹತೋಟಿಗೆ ಬಂದವರು ಅವರಲ್ಲೇ ಕಡಿಮೆ. ಇಲ್ಲಿ ಸೋತಿದ್ದು ರೋಗಿಯಲ್ಲ. ಔಷಧಿಯ ಪ್ರಮಾಣ ಸರಿಹೊಂದಿಸಲು ಮತ್ತೆ ಮತ್ತೆ ನೋಡುವ ವೈದ್ಯರು ಸಿಗಬೇಕು, ಅದಕ್ಕೆ ವಿಮೆ ಬೇಕು, ರಜೆ ಬೇಕು, ಉಪ್ಪು ಕಡಿಮೆ ಇರುವ ತಾಜಾ ತರಕಾರಿಯ ಅಂಗಡಿ ಹತ್ತಿರದಲ್ಲಿರಬೇಕು. ತಾರತಮ್ಯದ ಒತ್ತಡವೇ ದೇಹವನ್ನು ಬೇಗ ಮುದಿಯಾಗಿಸುತ್ತದೆ ಎಂದು ಸಾರ್ವಜನಿಕ ಆರೋಗ್ಯದ ಸಂಶೋಧಕಿ ಆರ್ಲೀನ್ ಜೆರೋನಿಮಸ್ 1992ರಲ್ಲೇ ವಾದಿಸಿದರು. ಬಿಸಿಲು ಮಳೆಗೆ ಮರ ಸವೆದ ಹಾಗೆ ಎಂಬ ಅರ್ಥದ ಹೆಸರನ್ನೇ ಅದಕ್ಕೆ ಇಟ್ಟರು.

'ಸ್ಟ್ರೋಕ್ ಬೆಲ್ಟ್' ಅಂದರೆ ಏನು?

ಅಮೆರಿಕದ ಆಗ್ನೇಯ ಮೂಲೆ. ನಾರ್ತ್ ಕ್ಯಾರೊಲಿನಾ, ಸೌತ್ ಕ್ಯಾರೊಲಿನಾ, ಜಾರ್ಜಿಯಾ, ಟೆನೆಸಿ, ಅಲಬಾಮಾ, ಮಿಸಿಸಿಪ್ಪಿ, ಅರ್ಕಾನ್ಸಾ, ಲೂಯಿಸಿಯಾನ. ಇಲ್ಲಿ ಲಕ್ವದ ಸಾವು ದೇಶದ ಉಳಿದ ಭಾಗಕ್ಕಿಂತ ಹೆಚ್ಚೆಂದು 1960ರ ದಶಕದಲ್ಲೇ ಗುರುತಿಸಿದ್ದರು. ಕ್ಯಾರೊಲಿನಾಗಳು ಮತ್ತು ಜಾರ್ಜಿಯಾದ ಕರಾವಳಿ ಬಯಲಿನಲ್ಲಿ ಅದು ಇನ್ನೂ ಹೆಚ್ಚು. ಆ ತುಂಡನ್ನು ಬೆಲ್ಟಿನ ಬಕಲ್ ಎನ್ನುತ್ತಾರೆ. ಅಲ್ಲಿನ ಬಿಳಿಯರಿಗೂ ಅಪಾಯ ಹೆಚ್ಚೇ. ಕಪ್ಪುಜನರಿಗೆ ಊರಿನದ್ದೊಂದು, ಬಣ್ಣದ್ದೊಂದು, ಎರಡು ಹೊರೆ.

2010ರ ಆರೋಗ್ಯ ಕಾನೂನು ಬಡವರ ವಿಮೆಯಾದ ಮೆಡಿಕೇಡ್ ಅನ್ನು ವಿಸ್ತರಿಸಲು ಹೊರಟಿತು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರಾಜ್ಯಗಳ ಇಚ್ಛೆಗೆ ಬಿಟ್ಟಿತು. ಮಿಸಿಸಿಪ್ಪಿ, ಅಲಬಾಮಾ, ಜಾರ್ಜಿಯಾ, ಸೌತ್ ಕ್ಯಾರೊಲಿನಾ, ಟೆನೆಸಿ ಅದನ್ನು ಪೂರ್ತಿಯಾಗಿ ಒಪ್ಪಲಿಲ್ಲ. ನಾರ್ತ್ ಕ್ಯಾರೊಲಿನಾ ಒಪ್ಪಿ ಜಾರಿಗೆ ತಂದಿದ್ದು 2023ರ ಡಿಸೆಂಬರ್‌ನಲ್ಲಿ. ಲಕ್ವ ಅತಿ ಹೆಚ್ಚಿರುವ ನೆಲದಲ್ಲೇ ಬಿಪಿ ಮಾತ್ರೆಗೆ ವಿಮೆಯಿಲ್ಲದವರನ್ನು ಉಳಿಸಿಕೊಂಡದ್ದನ್ನು ನಾನು ನಿಸರ್ಗದ ಮೇಲೆ ಹಾಕಲಾರೆ. ಅದು ಶಾಸನಸಭೆಯಲ್ಲಿ ಕೈಯೆತ್ತಿ ಮಾಡಿದ ತೀರ್ಮಾನ.

ಆಸ್ಪತ್ರೆ ತಲುಪಿದ ಮೇಲಾದರೂ ಎಲ್ಲರಿಗೂ ಒಂದೇ ಚಿಕಿತ್ಸೆ ಅಲ್ಲವೇ?

ಕಾಗದದ ಮೇಲೆ ಹೌದು. ಹೆಪ್ಪು ಕರಗಿಸುವ ಟಿಪಿಎ ಇಂಜೆಕ್ಷನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಆಗ ಮೂರು ಗಂಟೆಯೊಳಗೆ ಕೊಡಬೇಕಿತ್ತು. 2008ರ ಅಧ್ಯಯನವೊಂದರ ನಂತರ ಆಯ್ದ ರೋಗಿಗಳಿಗೆ ನಾಲ್ಕೂವರೆ ಗಂಟೆಯವರೆಗೂ ಕೊಡತೊಡಗಿದರು. ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುವ ಥ್ರಾಂಬೆಕ್ಟಮಿ 2015ರಲ್ಲಿ ಗಟ್ಟಿಯಾಗಿ ನೆಲೆಯೂರಿತು. 2018ರಿಂದ ಕೆಲವರಿಗೆ 24 ಗಂಟೆಯವರೆಗೂ ಮಾಡುತ್ತಾರೆ. ದೊಡ್ಡ ನಾಳ ಕಟ್ಟಿಕೊಂಡಾಗ ನಿಮಿಷಕ್ಕೆ 19 ಲಕ್ಷ ನರಕೋಶ ಸಾಯುತ್ತವೆ ಎಂಬ ಅಂದಾಜಿದೆ. ಅದಕ್ಕೇ ಈ ಗಡಿಬಿಡಿ.

ವಾಷಿಂಗ್ಟನ್ ಡಿಸಿಯ ಆಸ್ಪತ್ರೆಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಪ್ಪು ರೋಗಿಗಳಿಗೆ ಟಿಪಿಎ ಸಿಗುವ ಸಾಧ್ಯತೆ ಬಿಳಿಯರದ್ದರ ಸುಮಾರು ಮೂರನೇ ಒಂದರಷ್ಟೇ ಇತ್ತು. ಎದ್ದು ಕಂಡ ಕಾರಣಗಳು ಎರಡು: ಆಸ್ಪತ್ರೆಗೆ ತಡವಾಗಿ ಬಂದದ್ದು, ಮತ್ತು ಇಂಜೆಕ್ಷನ್ ಕೊಡಬಾರದ ಸ್ಥಿತಿಯಲ್ಲಿದ್ದದ್ದು.

ಈ ಎರಡನೆಯ ಕಾರಣದ ಮುಂದೆ ಸ್ವಲ್ಪ ನಿಲ್ಲಬೇಕು. ಬಿಪಿ 185/110ಕ್ಕಿಂತ ಮೇಲಿದ್ದರೆ ಟಿಪಿಎ ಕೊಡುವಂತಿಲ್ಲ, ಮಿದುಳಿನಲ್ಲಿ ರಕ್ತ ಸೋರಬಹುದು. ಮೊದಲು ಬಿಪಿ ಇಳಿಸಬೇಕು, ಅಷ್ಟರಲ್ಲಿ ಗಡಿಯಾರ ಓಡಿರುತ್ತದೆ. ಹತ್ತು ವರ್ಷ ಸರಿಯಾಗಿ ಬಿಪಿ ನೋಡುವವರಿಲ್ಲದ ಮನುಷ್ಯನಿಗೆ ಆ ಕಾರಣಕ್ಕೇ ಲಕ್ವ ಹೊಡೆಯಿತು. ಅದೇ ಬಿಪಿಯ ಕಾರಣಕ್ಕೆ ಲಕ್ವದ ಔಷಧಿಯೂ ಕೈತಪ್ಪಿತು. ತುರ್ತು ಕೋಣೆಯ ವೈದ್ಯರು ನಿಯಮ ಮೀರಲಿಲ್ಲ, ಯಾರನ್ನೂ ಹೀಯಾಳಿಸಲಿಲ್ಲ. ಆದರೂ ಅಂತರ ದಾಖಲಾಯಿತು. ತಾರತಮ್ಯ ಎಂದರೆ ಬಾಗಿಲಲ್ಲಿ ನಿಂತು ತಡೆಯುವವರಷ್ಟೇ ಎಂದುಕೊಂಡವರಿಗೆ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಹಾಗೆಂದು ಆಸ್ಪತ್ರೆಯೊಳಗೆ ಎಲ್ಲ ಸರಿಯಿದೆ ಎಂದೂ ಅಲ್ಲ. 2003ರಿಂದ ಅಮೆರಿಕದ ಹೃದ್ರೋಗ ಸಂಘ ನಡೆಸುತ್ತಿರುವ ಗುಣಮಟ್ಟ ಕಾರ್ಯಕ್ರಮದ ದಾಖಲೆಗಳನ್ನು 2010ರಲ್ಲಿ ಪರಿಶೀಲಿಸಿದಾಗ, ಟಿಪಿಎ ಮಾತ್ರವಲ್ಲ, ಕಾಲಿನಲ್ಲಿ ಹೆಪ್ಪುಗಟ್ಟದಂತೆ ತಡೆಯುವ ಆರೈಕೆ, ಮನೆಗೆ ಕಳಿಸುವಾಗ ಕೊಡಬೇಕಾದ ಮಾತ್ರೆ, ಸಿಗರೇಟು ಬಿಡಿಸುವ ಸಲಹೆ ಕೂಡ ಕಪ್ಪು ರೋಗಿಗಳಿಗೆ ಕಡಿಮೆ ಸಿಕ್ಕಿದ್ದವು. ಸಲಹೆ ಕೊಡಲು ಯಂತ್ರ ಬೇಕಿಲ್ಲ, ದುಡ್ಡು ಬೇಕಿಲ್ಲ. ಕುರ್ಚಿ ಎಳೆದುಕೊಂಡು ಕೂರುವ ಐದು ನಿಮಿಷ ಸಾಕು. ಆ ಐದು ನಿಮಿಷವೂ ಸಮವಾಗಿ ಹಂಚಿರಲಿಲ್ಲ. ವರ್ಷ ಕಳೆದಂತೆ ಎಲ್ಲ ಜನಾಂಗದವರ ಆರೈಕೆಯೂ ಸುಧಾರಿಸಿತೆಂದು ಅದೇ ದಾಖಲೆಗಳು ಹೇಳುತ್ತವೆ.

ಹಾಗಾದರೆ ವೈದ್ಯರೇ ಜನಾಂಗ ದ್ವೇಷಿಗಳೇ?

ಬಹುಪಾಲು ಅಲ್ಲ. ಅಮೆರಿಕದ ಸಂಸತ್ತು ಕೇಳಿದ ಮೇಲೆ ಅಲ್ಲಿನ ವೈದ್ಯಕೀಯ ಅಕಾಡೆಮಿ 2002ರಲ್ಲಿ ಒಂದು ವರದಿ ಕೊಟ್ಟಿತು. ವಿಮೆ, ಆದಾಯ ಸಮನಾಗಿದ್ದಾಗಲೂ ಅಲ್ಪಸಂಖ್ಯಾತರಿಗೆ ಕಡಿಮೆ ಗುಣಮಟ್ಟದ ಚಿಕಿತ್ಸೆ ಸಿಗುತ್ತಿದೆ, ವೈದ್ಯರಿಗೇ ಅರಿವಿಲ್ಲದ ಪೂರ್ವಗ್ರಹವೂ ಕಾರಣಗಳಲ್ಲಿ ಒಂದು ಎಂದು ಅದು ಹೇಳಿತು. ಆಯಾಸ, ಅವಸರ, ಅರ್ಧ ಮಾಹಿತಿ ಇರುವಾಗ ಈ ಪೂರ್ವಗ್ರಹ ಹೆಚ್ಚು ಕೆಲಸ ಮಾಡುತ್ತದೆ. ತುರ್ತು ವಿಭಾಗದಲ್ಲಿ ಈ ಮೂರಕ್ಕೂ ಬರವಿಲ್ಲ.

ಕಪ್ಪುಜನರು ಆಸ್ಪತ್ರೆಗೆ ತಡವಾಗಿ ಬರುವುದು, ಚಿಕಿತ್ಸೆ ಬೇಡವೆನ್ನುವುದು ಯಾಕೆ?

ಲಕ್ಷಣ ಗುರುತಿಸದಿರುವುದು, ಆಂಬುಲೆನ್ಸ್ ಬಿಲ್ಲಿನ ಭಯ, ಒಬ್ಬರೇ ಇರುವ ಮನೆ, ಇವೆಲ್ಲ ಇವೆ. ಅಪನಂಬಿಕೆಯೂ ಇದೆ. ಅದನ್ನು ಅಜ್ಞಾನ ಎಂದು ತಳ್ಳಿಹಾಕುವವರು ಕೆಲವು ಇಸವಿಗಳನ್ನು ನೆನಪಿಡಬೇಕು.

1932ರಿಂದ 1972ರವರೆಗೆ ಅಲಬಾಮಾದ ಟಸ್ಕೀಗಿಯಲ್ಲಿ ಸರ್ಕಾರದ ಆರೋಗ್ಯ ಇಲಾಖೆಯೇ 399 ಸಿಫಿಲಿಸ್ ರೋಗಿಗಳಿಗೆ ಚಿಕಿತ್ಸೆ ಕೊಡದೆ, ರೋಗ ಹೇಗೆ ಬೆಳೆಯುತ್ತದೆಂದು ನೋಡುತ್ತಾ ಕೂತಿತು. ಅವರೆಲ್ಲ ಕಪ್ಪು ಗಂಡಸರು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಇನ್ನು ಆಸ್ಪತ್ರೆಗಳ ಕಥೆ: 1946ರ ಕಾನೂನು ಕೇಂದ್ರದ ಹಣದಲ್ಲಿ ಆಸ್ಪತ್ರೆ ಕಟ್ಟಲು ನೆರವಾಯಿತು, ಕಪ್ಪುಜನರಿಗೆ ಬೇರೆ ಆಸ್ಪತ್ರೆ ಇಡುವುದಕ್ಕೂ ಒಪ್ಪಿಗೆ ಕೊಟ್ಟಿತು. ನಾರ್ತ್ ಕ್ಯಾರೊಲಿನಾದ ಗ್ರೀನ್ಸ್‌ಬರೋದಲ್ಲಿ ಜಾರ್ಜ್ ಸಿಮ್ಕಿನ್ಸ್ ಎಂಬ ಕಪ್ಪು ದಂತವೈದ್ಯರು ಕೋರ್ಟಿಗೆ ಹೋಗಿ 1963ರಲ್ಲಿ ಅದನ್ನು ಮುರಿದರು. 1964ರ ನಾಗರಿಕ ಹಕ್ಕು ಕಾನೂನು ಬಂತು. 1966ರಲ್ಲಿ ವಯಸ್ಸಾದವರ ಸರ್ಕಾರಿ ವಿಮೆಯಾದ ಮೆಡಿಕೇರ್ ಶುರುವಾದಾಗ, ಬಣ್ಣದ ಮೇಲೆ ರೋಗಿಗಳನ್ನು ಬೇರ್ಪಡಿಸುವ ಆಸ್ಪತ್ರೆಗೆ ದುಡ್ಡಿಲ್ಲ ಎಂದು ಸರ್ಕಾರ ಖಡಾಖಂಡಿತವಾಗಿ ಹೇಳಿತು. ಕೆಲವೇ ತಿಂಗಳಲ್ಲಿ ಬಾಗಿಲುಗಳು ತೆರೆದವು.

ಇವತ್ತು ಅಲಬಾಮಾದಲ್ಲಿ ಲಕ್ವ ಹೊಡೆದು ಬರುವ 78ರ ಕಪ್ಪು ಅಜ್ಜಿ, ತನ್ನವರಿಗೆ ಬೇರೆ ವಾರ್ಡ್ ಇದ್ದ ಕಾಲದಲ್ಲಿ ಹುಟ್ಟಿದವಳು. ರಕ್ತಸ್ರಾವದ ಅಪಾಯವಿರುವ ಇಂಜೆಕ್ಷನ್‌ಗೆ ಹತ್ತು ನಿಮಿಷದಲ್ಲಿ ಒಪ್ಪಿಗೆ ಕೊಡಿ ಎಂದಾಗ ಅವಳು ತಡವರಿಸಿದರೆ, ಆ ತಡವರಿಕೆಯ ಹಿಂದೆ ಕಂಡುಂಡ ಬದುಕಿದೆ.

ಆಸ್ಪತ್ರೆಯಲ್ಲಿ ಸಾಯುವವರಲ್ಲಿ ಕಪ್ಪು ರೋಗಿಗಳೇ ಕಡಿಮೆ ಎಂದು ಓದಿದೆ. ಹಾಗಾದರೆ ಅಂತರವೆಲ್ಲಿ?

ಓದಿದ್ದು ನಿಜ. ಹಲವು ಅಧ್ಯಯನಗಳಲ್ಲಿ ಹಾಗೆ ಕಂಡಿದೆ. ವಯಸ್ಸು ಕಡಿಮೆ ಇರುವುದು ಒಂದು ಕಾರಣ. ಉಸಿರಾಟದ ಯಂತ್ರ, ಹೊಟ್ಟೆಗೆ ಆಹಾರದ ಕೊಳವೆ ಇಂಥ ಜೀವ ಉಳಿಸುವ ಚಿಕಿತ್ಸೆಯನ್ನು ಕುಟುಂಬಗಳು ಕೊನೆಯವರೆಗೂ ಬೇಕೆನ್ನುವುದು ಇನ್ನೊಂದು. ಆದರೂ ಒಟ್ಟು ಜನಸಂಖ್ಯೆಯಲ್ಲಿ ಸಾವು ಹೆಚ್ಚೇಕೆ? ಲಕ್ವ ಹೊಡೆಯುವವರೇ ಅಷ್ಟು ಹೆಚ್ಚು. ಹಾಗಾಗಿ ಸಾವಿನ ಅಂತರ ಮುಚ್ಚಬೇಕಾದರೆ ಕೆಲಸ ಆಸ್ಪತ್ರೆಗಿಂತ ಬಹಳ ಮೊದಲೇ, ಬಿಪಿ ಪಟ್ಟಿ ಕಟ್ಟುವ ಹೊತ್ತಿನಲ್ಲಿ ಶುರುವಾಗಬೇಕು. ಇನ್ನು ಬದುಕುಳಿದವರ ಅಂಗವೈಕಲ್ಯ ಸಾವಿನ ಪಟ್ಟಿಯಲ್ಲಿ ಬರುವುದೇ ಇಲ್ಲ.

ಡಿಸ್ಚಾರ್ಜ್ ಆದ ಮೇಲೆ ಏನಾಗುತ್ತದೆ?

ಅಮೆರಿಕದಲ್ಲಿ ಲಕ್ವದ ರೋಗಿಗೆ ಮುಂದೆ ಮೂರು ದಾರಿ. ದಿನಕ್ಕೆ ಸುಮಾರು ಮೂರು ಗಂಟೆ ವ್ಯಾಯಾಮ, ಮಾತಿನ ಚಿಕಿತ್ಸೆ ಕೊಡುವ ಪುನಶ್ಚೇತನ ಆಸ್ಪತ್ರೆ, ಅದಕ್ಕಿಂತ ಕಡಿಮೆ ಕೊಡುವ ನರ್ಸಿಂಗ್ ಕೇಂದ್ರ, ಇಲ್ಲವೇ ಮನೆ. ಯಾವ ದಾರಿ ಎಂಬುದನ್ನು ಮೈಯ ಸ್ಥಿತಿಯ ಜೊತೆಗೆ ವಿಮೆಯೂ ತೀರ್ಮಾನಿಸುತ್ತದೆ. ಮೊದಲ ಕೆಲವು ತಿಂಗಳಲ್ಲೇ ಮಿದುಳು ಹೆಚ್ಚು ಚೇತರಿಸಿಕೊಳ್ಳುವುದು; ಆ ತಿಂಗಳುಗಳು ಫೋನಿನಲ್ಲಿ ವಿಮಾ ಕಂಪನಿಯ ಒಪ್ಪಿಗೆಗೆ ಕಾಯುವುದರಲ್ಲಿ ಕಳೆದರೆ ಮತ್ತೆ ಬಾರವು.

ಟೆಕ್ಸಾಸ್‌ನ ಕಾರ್ಪಸ್ ಕ್ರಿಸ್ಟಿಯಲ್ಲಿ 2000ದಿಂದ ನಡೆಯುತ್ತಿರುವ ಅಧ್ಯಯನವೊಂದು ಮೆಕ್ಸಿಕನ್ ಮೂಲದವರ ಸ್ಥಿತಿ ತೋರಿಸಿತು. ಅವರಲ್ಲಿ ಲಕ್ವ ಹೆಚ್ಚು, 90 ದಿನದ ನಂತರ ನಡೆಯುವುದು, ಉಡುವುದು, ನೆನಪು ಎಲ್ಲದರಲ್ಲೂ ಬಿಳಿಯರಿಗಿಂತ ಹಿಂದೆ. ಆರೈಕೆ ಬೀಳುವುದು ಮನೆಯವರ ಮೇಲೆ, ಹೆಚ್ಚಾಗಿ ಮಗಳ ಅಥವಾ ಸೊಸೆಯ ಮೇಲೆ. ಇದು ನಮಗೆ ಹೇಳಿಕೊಡಬೇಕಾದ ವಿಷಯವಲ್ಲ.

ಎರಡನೇ ಲಕ್ವ ತಡೆಯುವುದರಲ್ಲೂ ಇದೇ ಕಥೆ. ಹೃದಯದ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಇರುವವರಿಗೆ ರಕ್ತ ತೆಳುವಾಗಿಸುವ ಹೊಸ ಮಾತ್ರೆಗಳು ಕಪ್ಪು ರೋಗಿಗಳಿಗೆ ಕಡಿಮೆ ಸಿಗುತ್ತಿವೆ ಎಂದು 2018ರ ಅಧ್ಯಯನ ತೋರಿಸಿತು.

ಮಕ್ಕಳಿಗೂ ಲಕ್ವ ಹೊಡೆಯುತ್ತದೆಯೇ?

ಹೊಡೆಯುತ್ತದೆ, ಕುಡಗೋಲು ಕಣ ರೋಗ ಇದ್ದರೆ ಇನ್ನೂ ಹೆಚ್ಚು. ಅಮೆರಿಕದಲ್ಲಿ ಈ ರೋಗ ಹೆಚ್ಚಾಗಿ ಕಪ್ಪು ಮಕ್ಕಳಲ್ಲಿದೆ. ಇದರ ತೀವ್ರ ಬಗೆ ಇರುವವರಲ್ಲಿ, ತಡೆಯದೆ ಬಿಟ್ಟರೆ 20 ವರ್ಷದೊಳಗೆ 100ಕ್ಕೆ 11 ಮಂದಿಗೆ ಲಕ್ವ. ತಲೆಗೆ ಅಲ್ಟ್ರಾಸೌಂಡ್ ಇಟ್ಟು ಅಪಾಯದಲ್ಲಿರುವ ಮಕ್ಕಳನ್ನು ಮೊದಲೇ ಗುರುತಿಸಿ ರಕ್ತ ಕೊಡುತ್ತಾ ಹೋದರೆ ಮೊದಲ ಲಕ್ವವನ್ನು ಶೇ. 92ರಷ್ಟು ತಡೆಯಬಹುದೆಂದು ಜಾರ್ಜಿಯಾದ ಅಗಸ್ಟಾದಲ್ಲಿದ್ದ ಡಾ. ರಾಬರ್ಟ್ ಆಡಮ್ಸ್ ಅವರ ತಂಡ 1998ರಲ್ಲಿ ಸಾಬೀತು ಮಾಡಿತು. ವೈದ್ಯಶಾಸ್ತ್ರದಲ್ಲಿ ಇಂಥ ಗೆಲುವು ಅಪರೂಪ. ಇಪ್ಪತ್ತು ವರ್ಷ ಕಳೆದು, 2019ರಲ್ಲಿ ಲೆಕ್ಕ ಹಾಕಿದಾಗ, ಆ ಪರೀಕ್ಷೆ ಅರ್ಧದಷ್ಟು ಮಕ್ಕಳಿಗೂ ಆಗಿರಲಿಲ್ಲ. ನೋವಿಲ್ಲದ ಪರೀಕ್ಷೆ, ಸೂಜಿಯೂ ಬೇಡ. ಇದನ್ನು ಬರೆಯುವಾಗ ಸಿಟ್ಟು ಬರುತ್ತದೆ.

ಈ ರೋಗ ನಮ್ಮ ಚಾಮರಾಜನಗರ, ಮೈಸೂರು, ಕೊಡಗಿನ ಆದಿವಾಸಿ ಸಮುದಾಯಗಳಲ್ಲೂ ಇದೆ. ಇದರ ನಿರ್ಮೂಲನೆಗೆಂದು ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಅಭಿಯಾನ ಆರಂಭಿಸಿದೆ.

ಭಾರತೀಯರ ಸ್ಥಿತಿ ಹೇಗಿದೆ?

ಅಂಕಿಗಳಲ್ಲಿ ನಾವು 'ಏಷ್ಯನ್' ಎಂಬ ಒಂದೇ ಚೀಲದೊಳಗೆ ಸೇರಿಹೋಗುತ್ತೇವೆ. ಚೀನಾ, ಫಿಲಿಪ್ಪೀನ್ಸ್, ವಿಯೆಟ್ನಾಂ ಮೂಲದವರೂ ಅದರಲ್ಲೇ. 2019ರಲ್ಲಿ ಪ್ರಕಟವಾದ ದೇಶವ್ಯಾಪಿ ದಾಖಲೆಗಳ ಪ್ರಕಾರ ಏಷ್ಯನ್ ಅಮೆರಿಕನ್ನರಿಗೆ ಬಂದ ಲಕ್ವ ಬಿಳಿಯರದ್ದಕ್ಕಿಂತ ತೀವ್ರ, ಟಿಪಿಎ ಸಿಕ್ಕಿದ್ದು ಕಡಿಮೆ. ದಕ್ಷಿಣ ಏಷ್ಯಾ ಮೂಲದವರನ್ನೇ ಬೇರೆಯಾಗಿ ನೋಡಲು 'ಮಸಾಲಾ' ಎಂಬ ಹೆಸರಿನ ಅಧ್ಯಯನ 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಶಿಕಾಗೊ ಸೀಮೆಯಲ್ಲಿ ಶುರುವಾಯಿತು. ತೆಳ್ಳಗಿದ್ದರೂ ಸಕ್ಕರೆ ಕಾಯಿಲೆ ನಮ್ಮವರಲ್ಲಿ ಜಾಸ್ತಿ ಎಂಬುದನ್ನು ಅದು ದಾಖಲಿಸಿದೆ.

ಅಂತರ ಇಳಿಸಿದ ಉದಾಹರಣೆ ಇದೆಯೇ?

ಇದೆ. ನನಗೆ ಅತಿ ಇಷ್ಟವಾದದ್ದು ಲಾಸ್ ಏಂಜಲೀಸ್‌ನ ಕ್ಷೌರದಂಗಡಿಗಳದ್ದು. ಕಪ್ಪು ಗಂಡಸರು ವೈದ್ಯರ ಬಳಿ ಹೋಗದಿದ್ದರೂ ತಿಂಗಳಿಗೆರಡು ಸಲ ಅಲ್ಲಿಗೆ ಹೋಗಿಯೇ ಹೋಗುತ್ತಾರೆ, ವರ್ಷಾನುಗಟ್ಟಲೆ ಒಬ್ಬರ ಬಳಿಯೇ. ಡಾ. ರೊನಾಲ್ಡ್ ವಿಕ್ಟರ್ ಅವರ ತಂಡ 52 ಅಂಗಡಿಗಳಲ್ಲಿ 319 ಮಂದಿಯನ್ನು ಸೇರಿಸಿಕೊಂಡಿತು. ಅರ್ಧ ಅಂಗಡಿಗಳಿಗೆ ಔಷಧ ತಜ್ಞರೇ ಬಂದು, ಕತ್ತರಿಯ ಸದ್ದಿನ ನಡುವೆ ಬಿಪಿ ನೋಡಿ, ಅಲ್ಲೇ ಮಾತ್ರೆ ಬರೆದುಕೊಟ್ಟರು. ಆರು ತಿಂಗಳಲ್ಲಿ ಅವರ ಬಿಪಿಯ ಮೇಲಿನ ಅಂಕಿ ಸರಾಸರಿ 27ರಷ್ಟು ಇಳಿಯಿತು. ಬರೀ ವೈದ್ಯರನ್ನು ನೋಡಿ ಎಂದು ಹೇಳಿ ಕಳಿಸಿದ ಅಂಗಡಿಗಳಲ್ಲಿ ಇಳಿದದ್ದು ಸುಮಾರು 9. ಇದು 2018ರಲ್ಲಿ ಪ್ರಕಟವಾಯಿತು. 'ಮಾತ್ರೆ ನುಂಗುವುದಿಲ್ಲ' ಎಂಬ ಆರೋಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಡಾ. ಒಲಾಜಿಡೆ ವಿಲಿಯಮ್ಸ್ ಶಾಲಾ ಮಕ್ಕಳಿಗೆ ಹಿಪ್ ಹಾಪ್ ಹಾಡಿನಲ್ಲಿ ಲಕ್ವದ ಲಕ್ಷಣ ಕಲಿಸಿದರು, ಮಕ್ಕಳು ಮನೆಗೆ ಹೋಗಿ ಅಪ್ಪ ಅಮ್ಮನಿಗೆ, ಅಜ್ಜಿಗೆ ಕಲಿಸಿದರು. ಜಾರ್ಜಿಯಾದ ಹಳ್ಳಿ ಆಸ್ಪತ್ರೆಗಳಿಗೆ ಅಗಸ್ಟಾದ ನರರೋಗ ತಜ್ಞರು ವಿಡಿಯೊ ಮೂಲಕವೇ ರೋಗಿಯನ್ನು ನೋಡಿ ಟಿಪಿಎ ಕೊಡಿಸುವ ವ್ಯವಸ್ಥೆ 2000ದ ದಶಕದ ಆರಂಭದಲ್ಲೇ ಬಂತು.

ಅಮ್ಮ ಅಮೆರಿಕಕ್ಕೆ ಬಂದಿದ್ದಾರೆ, ಕನ್ನಡ ಬಿಟ್ಟು ಬೇರೆ ಬಾರದು. ಲಕ್ವದ ಲಕ್ಷಣ ಕಂಡರೆ ಏನು ಮಾಡಲಿ?

911ಕ್ಕೆ ಫೋನ್ ಮಾಡಿ, 'ಸ್ಟ್ರೋಕ್' ಎಂಬ ಪದವನ್ನೇ ಹೇಳಿ. ಕಾರಿನಲ್ಲಿ ನೀವೇ ಕರೆದೊಯ್ಯಬೇಡಿ. ಆಂಬುಲೆನ್ಸ್ ಮುಂಚೆಯೇ ತಿಳಿಸಿದರೆ ಆಸ್ಪತ್ರೆಯಲ್ಲಿ ಸ್ಕ್ಯಾನ್ ಸಿದ್ಧವಾಗಿರುತ್ತದೆ. ಅಮ್ಮ ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಎಂಬುದೇ ವೈದ್ಯರಿಗೆ ಬೇಕಾದ ಮೊದಲ ಮಾತು. ಬೆಳಗ್ಗೆ ಎದ್ದಾಗಲೇ ಹೀಗಿದ್ದರೆ ಹಿಂದಿನ ರಾತ್ರಿಯ ಹೊತ್ತು ಹೇಳಿ. ಊರಿಂದ ತಂದ ಮಾತ್ರೆಗಳ ಸ್ಟ್ರಿಪ್‌ಗಳನ್ನು ಹಾಗೇ ಚೀಲಕ್ಕೆ ಹಾಕಿಕೊಳ್ಳಿ.

ದುಡ್ಡಿನ ಯೋಚನೆಯಲ್ಲಿ ನಿಲ್ಲಬೇಡಿ. 1986ರ ಕಾನೂನಿನ ಪ್ರಕಾರ ತುರ್ತು ವಿಭಾಗಕ್ಕೆ ಬಂದವರನ್ನು ವಿಮೆ, ವೀಸಾ ನೋಡದೆ ಪರೀಕ್ಷಿಸಿ ಸ್ಥಿತಿ ಸ್ಥಿರಗೊಳಿಸಲೇಬೇಕು. ಬಿಲ್ಲು ಆಮೇಲೆ ಬರುತ್ತದೆ, ದೊಡ್ಡದೇ ಬರುತ್ತದೆ. ಅದಕ್ಕೇ ಬರುವ ಮುಂಚೆಯೇ ಪ್ರವಾಸಿ ವಿಮೆಯಲ್ಲಿ 'ಮೊದಲೇ ಇದ್ದ ಕಾಯಿಲೆ'ಯ ಸಾಲನ್ನು ಎರಡು ಸಲ ಓದಿ: ಬಿಪಿ ಇರುವವರಿಗೆ ಲಕ್ವ ಹೊಡೆದರೆ ಕೊಡುತ್ತಾರೋ ಇಲ್ಲವೋ ಅಲ್ಲಿರುತ್ತದೆ.

ಕನ್ನಡ ದುಭಾಷಿ ಬೇಕೆಂದು ಕೇಳಿ. ಕೇಂದ್ರದ ಹಣ ಪಡೆಯುವ ಆಸ್ಪತ್ರೆ ಅದನ್ನು ಉಚಿತವಾಗಿ ಕೊಡಬೇಕು, ಸಾಮಾನ್ಯವಾಗಿ ಫೋನಿನಲ್ಲಿ ಸಿಗುತ್ತದೆ. 'ನಾನೇ ಇದ್ದೀನಲ್ಲ' ಎನ್ನಬೇಡಿ. ಅಮ್ಮ 'ಕೈ ಜೋಮು ಹಿಡಿದಿದೆ' ಎನ್ನುವುದಕ್ಕೂ 'ಕೈ ಸ್ವಾಧೀನದಲ್ಲಿಲ್ಲ' ಎನ್ನುವುದಕ್ಕೂ ವೈದ್ಯರ ಮಟ್ಟಿಗೆ ಬಹಳ ವ್ಯತ್ಯಾಸವಿದೆ. ಗಾಬರಿಯಲ್ಲಿ ನೀವು ಎರಡಕ್ಕೂ ಒಂದೇ ಇಂಗ್ಲಿಷ್ ಪದ ಹೇಳಿಬಿಡುತ್ತೀರಿ.

ಮಾತು ಹೋಗಿದ್ದರೆ ಇನ್ನೊಂದು ಎಚ್ಚರ. ಇಂಗ್ಲಿಷ್ ಬಾರದವರಿಗೆ ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿದರೆ ಗೊಂದಲಕ್ಕೊಳಗಾದವರಂತೆ ಕಾಣುತ್ತಾರೆ. ಎರಡು ಮೂರು ಭಾಷೆ ಬಲ್ಲವರಲ್ಲಿ ಒಂದು ಭಾಷೆ ಉಳಿದು ಇನ್ನೊಂದು ಹೋಗಿರುವುದೂ ಉಂಟು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯವರು ಕನ್ನಡದಲ್ಲೇ ಮಾಡುವ ಅಫೇಸಿಯಾ (ಮಿದುಳಿಗೆ ಪೆಟ್ಟಾಗಿ ಭಾಷೆ ಕೈಕೊಡುವ ತೊಂದರೆ) ಪರೀಕ್ಷೆಗಳನ್ನು ರೂಪಿಸಿದ್ದಾರೆ. ಅಂಥದ್ದಿದೆ ಎಂದು ಅಲ್ಲಿನ ಚಿಕಿತ್ಸಕರಿಗೆ ತಿಳಿಸಿ.

ಚೇತರಿಕೆಗೆ ಅಮ್ಮನನ್ನು ಊರಿಗೇ ಕರೆದೊಯ್ದರೆ?

ಹಲವರು ಅದನ್ನೇ ಮಾಡುತ್ತಾರೆ, ತಪ್ಪಿಲ್ಲ. ವಿಮಾನಕ್ಕೆ ವೈದ್ಯರ ಒಪ್ಪಿಗೆ ಪತ್ರ ಬೇಕು. ಗ್ರೀನ್ ಕಾರ್ಡ್ ಬಂದರೂ ಮೆಡಿಕೇರ್ ಕೊಳ್ಳಲು ಐದು ವರ್ಷ ಅಲ್ಲಿ ನೆಲೆಸಿರಬೇಕಾದ್ದರಿಂದ, ತಿಂಗಳುಗಟ್ಟಲೆ ಫಿಸಿಯೊಥೆರಪಿಯ ಖರ್ಚು ಅಲ್ಲಿ ಹೊರಲಾಗದ್ದು. ಹೊರಡುವ ಮುಂಚೆ ಡಿಸ್ಚಾರ್ಜ್ ವರದಿ, ಸ್ಕ್ಯಾನ್‌ಗಳ ಸಿಡಿ, ಯಾವ ಮಾತ್ರೆ ಯಾಕೆ ಕೊಟ್ಟರೆಂಬ ಪಟ್ಟಿ ಕೈಗೆ ತೆಗೆದುಕೊಳ್ಳಿ. ಮಾತ್ರೆಯ ರಾಸಾಯನಿಕ ಹೆಸರನ್ನೂ ಬರೆಸಿಕೊಳ್ಳಿ. ಬ್ರ್ಯಾಂಡ್ ಹೆಸರು ಇಲ್ಲಿ ಬೇರೆ ಇರುತ್ತದೆ. ಊರು ತಲುಪಿದ ವಾರದಲ್ಲೇ ವ್ಯಾಯಾಮ ಮತ್ತೆ ಶುರುವಾಗುವಂತೆ ಫಿಸಿಯೊಥೆರಪಿಸ್ಟ್ ಹತ್ತಿರ ಮುಂಚಿತವಾಗಿ ಹೊತ್ತು ಗೊತ್ತು ಮಾಡಿ.